ತಾನಾಗಿಯೇ ನಿಂತ ಗ್ರೈಂಡರ್

ರಿಪೇರಿ ಅಂಗಡಿಯ ಬೆಂಚಿನಲ್ಲಿ ನನ್ನ ಪಕ್ಕ ಗಂಡ ಹೆಂಡತಿ ಕೂತಿದ್ದರು. ಗಂಡನ ತೊಡೆಯ ಮೇಲೆ ಕಾಫಿಬೀಜ ಪುಡಿ ಮಾಡುವ ಗ್ರೈಂಡರ್.

“ಚೆನ್ನಾಗಿದ್ದಿದ್ದನ್ನ ಯಾಕ್ರೀ ಬಿಚ್ಚೋಕೆ ಹೋದ್ರಿ?”

“ಸದ್ದು ಜಾಸ್ತಿ ಮಾಡ್ತಿತ್ತು ಕಣೇ.”

“ಈಗ ಉಸಿರೇ ಎತ್ತಲ್ಲ. ಸಮಾಧಾನ ಆಯ್ತಾ?”

“ವಿಡಿಯೋದಲ್ಲಿ ತೋರಿಸ್ದಂಗೇ ಜೋಡಿಸ್ದೆ.”

“ನಿಮ್ಮಮ್ಮ ಕೊಟ್ಟ ಮಿಕ್ಸಿ ಬೀದಿಗೆಲ್ಲ ಕೇಳೋ ಹಾಗೆ ಅರಚುತ್ತೆ. ಅದನ್ಯಾಕೆ ಬಿಚ್ಲಿಲ್ಲ? ನಮ್ಮಪ್ಪ ಕೊಟ್ಟಿದ್ದು ಮಾತ್ರ ಕಿವಿಗೆ ಚುಚ್ಚುತ್ತಾ?”

“ಇಲ್ಲಿ ಮರ್ಯಾದೆ ತೆಗೀಬೇಡ. ನಾನು ಮಾತಾಡ್ತೀನಿ, ನೀನು ತುಟಿ ಪಿಟಕ್ ಅನ್ಬೇಡ.”

ಅವರ ಸರದಿ ಬಂತು. ಗಂಡ ಎದ್ದು ಹೋಗಿ ಮೆಕ್ಯಾನಿಕ್‌ಗೆ ಹೇಳಿದ: “ನಾವೇನೂ ಮುಟ್ಟಿಲ್ಲ ಸಾರ್, ತಾನಾಗೇ ನಿಂತೋಯ್ತು.”

ಹೆಂಡತಿ ತುಟಿ ಪಿಟಕ್ಕೆನ್ನಲಿಲ್ಲ. ಕರ್ಚೀಫಿನ ಗಂಟು ಬಿಚ್ಚಿ, ಜೋಡಿಸದೆ ಉಳಿದಿದ್ದ ಸ್ಪ್ರಿಂಗನ್ನೂ ಸ್ಕ್ರೂಗಳನ್ನೂ ಮೆಕ್ಯಾನಿಕ್ ಮುಂದೆ ಸುರಿದು, ಹೊರಗೆ ನಡೆದಳು.