ಮೂರು ಗುಂಡಿ, ಎರಡು ಕಾಜಾ

ಮಾನ್ಯ ಅಧ್ಯಕ್ಷರೇ, ಅಧ್ಯಕ್ಷರ ಎಡಬಲಕ್ಕೆ ಕುಳಿತಿರುವ ಅತಿಥಿಗಳೇ, ನಮ್ಮ ಸಂಘದ ಹಿರಿಯರೇ, ನನ್ನ ಮಾತನ್ನು ಕಿವಿಯಿಂದ ಕೇಳುತ್ತಿರುವ ಸಭಿಕರೇ, ಮತ್ತು ನನ್ನ ಬೆನ್ನ ಹಿಂದಿನ ಪರದೆಯ ಮೇಲೆ ಅದೇ ಮಾತನ್ನು ಓದುತ್ತಿರುವ ಸಭಿಕರೇ,

ಸನ್ಮಾನ ಆದವರು ಎರಡು ಮಾತಾಡುವುದು ವಾಡಿಕೆ. ಆದರೆ ಇಂದು ಸನ್ಮಾನ ಆದವಳು ವೇದಿಕೆ ಹತ್ತುವ ಹಾಗಿಲ್ಲ. ಅಗೋ, ಆ ಮೂಲೆಯ ಮೇಜಿನ ಮುಂದೆ ಕೂತು ನನ್ನ ಒಂದೊಂದು ಮಾತನ್ನೂ ಟೈಪ್ ಮಾಡುತ್ತಿದ್ದಾಳೆ. ಅವಳು ಎದ್ದರೆ ಪರದೆ ಖಾಲಿ. ಪರದೆ ಖಾಲಿಯಾದರೆ ಈ ಸಭೆಯಲ್ಲಿ ಕಿವಿ ಕೇಳದ ಅರ್ಧ ಜನಕ್ಕೆ ನಾನು ಸುಮ್ಮನೆ ಬಾಯಿ ಆಡಿಸುವ ಮನುಷ್ಯ. ಹಾಗಾಗಿ ಫಲಕವನ್ನು ಅವಳ ಮೇಜಿಗೇ ಕೊಂಡುಹೋಗಿ ಕೊಟ್ಟರು, ಮಾತನ್ನು ನನ್ನ ತಲೆಗೆ ಕಟ್ಟಿದರು. ನಾನು ದರ್ಜಿ. ಅವಳ ಅಪ್ಪ. ಈ ಎರಡು ಅರ್ಹತೆಯ ಮೇಲೆ ಮೈಕಿನ ಮುಂದೆ ನಿಂತಿದ್ದೇನೆ.

ನನ್ನ ಮಗಳಷ್ಟು ಚುರುಕಾಗಿ ಟೈಪ್ ಮಾಡುವವರು ಈ ಊರಿನಲ್ಲೇ ಇನ್ನೊಬ್ಬರಿಲ್ಲ. ಅವಳ ಬೆರಳು... ಯಾಕೆ ನಗುತ್ತಿದ್ದೀರಿ? ಓಹೋ. ಪರದೆಯ ಮೇಲೆ ಏನು ಬಂದಿದೆ ನೋಡಿ! 'ಭಾಷಣಕಾರರು ತಮ್ಮ ಮಗಳನ್ನು ಹೊಗಳುತ್ತಿದ್ದಾರೆ.' ಅಷ್ಟೇ! ಮಗಳೇ, ಸಂಘದ ನಿಯಮ ಏನು? ಆಡಿದ್ದನ್ನು ಆಡಿದ ಹಾಗೇ ಬರೆಯಬೇಕು. ಆಡದ್ದನ್ನು ಬರೆಯಬಾರದು. ಆಡುವುದಕ್ಕೆ ಮೊದಲಂತೂ ಬರೆಯಲೇಬಾರದು. ನಿಯಮ ಮಾಡಿದವಳೇ ನೀನು. ಬರೆ, ಈ ಊರಿನಲ್ಲೇ ಇನ್ನೊಬ್ಬರಿಲ್ಲ. ಹಾಂ, ಈಗ ಬಂತು.

ಹೆಮ್ಮೆ ಅಂದರೆ ಹೆಮ್ಮೆ ಸ್ವಾಮಿ. ಅದಕ್ಕೆ ವಿನಯದ ಅಂಗಿ ಹೊಲಿದು ಹಾಕಲು ನನ್ನಿಂದ ಆಗುವುದಿಲ್ಲ.

ಈಗ ಆ ಲ್ಯಾಪ್‌ಟಾಪಿನ ವಿಷಯಕ್ಕೆ ಬರುತ್ತೇನೆ. ಪುಣ್ಯಾತ್ಮರೊಬ್ಬರು ಸಂಘಕ್ಕೆ ದಾನ ಕೊಟ್ಟದ್ದು. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಅನ್ನುತ್ತಾರೆ. ನಾವು ನೋಡಲಿಲ್ಲ, ಹಲ್ಲು ತಾನಾಗಿಯೇ ಉದುರಿತು. ಅದರ ಕೀಬೋರ್ಡಿನಲ್ಲಿ ನಾಲ್ಕು ಅಕ್ಷರ ಏಳುವುದೇ ಇಲ್ಲ. ಬ್ಯಾಟರಿಯೋ, ನನ್ನ ಮಂಡಿಯ ಹಾಗೆ, ಸ್ವಲ್ಪ ಹೊತ್ತು ನಿಂತರೆ ಕುಸಿಯುತ್ತದೆ. ಆದ್ದರಿಂದ ಅದಕ್ಕೆ ಮೂರು ತಂತಿ ಬೇಕು: ಪರದೆಗೆ ಒಂದು, ಹೊರಗಿನ ಕೀಬೋರ್ಡಿಗೆ ಒಂದು, ಚಾರ್ಜರಿಗೆ ಒಂದು. ತಂತಿ ಸಿಕ್ಕಿಸಲು ಪಕ್ಕದಲ್ಲಿ ಇರುವುದು ಎರಡೇ ತೂತು. ಮಗಳು ಅದನ್ನು ಪೋರ್ಟ್ ಅನ್ನುತ್ತಾಳೆ. ಗುಂಡಿ ತೂರಿಸುವ ತೂತಿಗೆ ದರ್ಜಿಗಳು ಕಾಜಾ ಅನ್ನುತ್ತೇವೆ. ಮೂರು ಗುಂಡಿ ಇಟ್ಟು ಎರಡೇ ಕಾಜಾ ಹೊಲಿದರೆ ಗಿರಾಕಿ ಅಂಗಿಯನ್ನು ನನ್ನ ಮುಖಕ್ಕೆ ಎಸೆಯುತ್ತಾನೆ. ಲ್ಯಾಪ್‌ಟಾಪ್ ಮಾಡಿದವನ ಮುಖ ನಮಗೆ ಎಲ್ಲಿ ಸಿಗಬೇಕು?

ಒಂದು ತೂತಿಗೆ ನಾಲ್ಕು ತೂತು ಕೊಡುವ ಡಬ್ಬಿ ಸಿಗುತ್ತದಲ್ಲ ಎಂದು ಎರಡನೇ ಸಾಲಿನ ಎಂಜಿನಿಯರ್ ಸಾಹೇಬರು ಕಣ್ಣಿನಲ್ಲೇ ಕೇಳುತ್ತಿದ್ದಾರೆ. ತಂದೆವು ಸ್ವಾಮಿ. ಮೂರೂ ತಂತಿ ಸಿಕ್ಕಿಸಿದರೆ ಪರದೆ ಕಣ್ಣು ಮಿಟುಕಿಸುತ್ತಿತ್ತು. ಇನ್ನೊಂದು ಡಬ್ಬಿ ತಂದೆವು, ಅದು ಮಿಟುಕಿಸಲಿಲ್ಲ, ಕಣ್ಣನ್ನೇ ಮುಚ್ಚಿಬಿಟ್ಟಿತು. ತಂತಿಯಿಲ್ಲದ ಕೀಬೋರ್ಡೂ ಬಂತು. ಅದು ನಡುನಡುವೆ ಅಕ್ಷರ ನುಂಗುತ್ತಿತ್ತು. ಕಿವಿ ಕೇಳದವರಿಗೆ ಜನ ನುಂಗಿದ ಮಾತು ಸಾಲದೇ, ನಾವೂ ನುಂಗಿ ಕೊಡಬೇಕೇ?

ಆಗ ಇವಳು ಹೇಳಿದಳು, "ಅಪ್ಪಾ, ಜನ ಚಪ್ಪಾಳೆ ಹೊಡೆಯೋವಾಗ ಯಾರೂ ಮಾತಾಡಲ್ಲ ಅಲ್ವಾ? ಆವಾಗ ಕೀಬೋರ್ಡ್ ಯಾಕೆ ಬೇಕು?"

ಇಷ್ಟೇ. ಇಷ್ಟೇ ಮಾತು! ಯಾರ ತಲೆಗೆ ಹೊಳೆದಿತ್ತು? ನನಗೆ ಹೊಳೆದಿತ್ತೇ? ಅಧ್ಯಕ್ಷರಿಗೆ ಹೊಳೆದಿತ್ತೇ? ಅಂದಿನಿಂದ ಅದೇ ನಮ್ಮ ಪದ್ಧತಿ. ಚಪ್ಪಾಳೆ ಶುರುವಾದ ಕೂಡಲೇ 'ಚಪ್ಪಾಳೆ' ಎಂದು ಬರೆಯುತ್ತಾಳೆ, ಕೀಬೋರ್ಡಿನ ತಂತಿ ಕಿತ್ತು ಚಾರ್ಜರ್ ಸಿಕ್ಕಿಸುತ್ತಾಳೆ. ಸದ್ದು ಇಳಿಯುತ್ತಿದ್ದ ಹಾಗೇ ಮತ್ತೆ ಅದಲುಬದಲು. ಮೊದಮೊದಲು ಅವಸರದಲ್ಲಿ ಪರದೆಯ ತಂತಿಯನ್ನೇ ಕಿತ್ತದ್ದೂ ಉಂಟು. ಅದಕ್ಕೆ ನಾನು ಪರದೆಯ ತಂತಿಗೆ ದಪ್ಪ ಬಟ್ಟೆಯ ಕವಚ ಹೊಲಿದು ಕೊಟ್ಟೆ. ಈಗ ನೋಡದೆಯೇ ಕೈಗೆ ಗೊತ್ತಾಗುತ್ತದೆ.

ಹೀಗಾಗಿ ನಮ್ಮ ಸಂಘದಲ್ಲಿ ಭಾಷಣ ಹೇಗಿತ್ತು ಎಂದು ಯಾರೂ ಕೇಳುವುದಿಲ್ಲ, ಬ್ಯಾಟರಿ ಏರಿತೇ ಎಂದು ಕೇಳುತ್ತಾರೆ. ಹೋದ ವರ್ಷ ಬಂದ ಅತಿಥಿಗಳು ಮಿತವ್ಯಯದ ಬಗ್ಗೆ ಮಾತನಾಡಿದರು. ಸಭಿಕರು ಚಪ್ಪಾಳೆಯಲ್ಲೂ ಮಿತವ್ಯಯ ಮಾಡಿದರು. ಭಾಷಣದ ನಡುವೆ ಲ್ಯಾಪ್‌ಟಾಪ್ ಆರಿಹೋಯಿತು. ಓದುತ್ತಿದ್ದವರೆಲ್ಲ ಭಾಷಣ ಮುಗಿಯಿತೆಂದು ಎದ್ದು ಹೊರಟರು, ಕೇಳುತ್ತಿದ್ದವರಿಗೆ ಅವರನ್ನು ನೋಡಿ ಹೊಟ್ಟೆಕಿಚ್ಚು.

ಅಗೋ, ಮಗಳು ಎರಡು ಬೆರಳು ಎತ್ತಿದಳು. ಐದು ಬೆರಳು ಎತ್ತಿದರೆ ಬ್ಯಾಟರಿ ತುಂಬಿದೆ ಎಂದರ್ಥ. ಎರಡು ಅಂದರೆ ನಾನು ಜಾಸ್ತಿ ಕೊರೆದಿದ್ದೇನೆ. ದಯವಿಟ್ಟು ಎಲ್ಲರೂ ಚಪ್ಪಾಳೆ. ಜೋರಾಗಿ ಬೇಡ, ಉದ್ದವಾಗಿ ಹೊಡೆಯಿರಿ. ಅಧ್ಯಕ್ಷರೇ, ತಾವೂ...

ಸಾಕು, ಧನ್ಯವಾದ. ಮೂರು ಬೆರಳಾಯಿತು.

ನನ್ನ ಹತ್ತಿರ ಇರುವುದು ಒಂದೇ ಒಂದು ಜೋಕು. ಅದನ್ನು ಹೇಳಿಯೇ ಇಳಿಯುತ್ತೇನೆ, ಅಷ್ಟು ಹೊತ್ತು ಬ್ಯಾಟರಿ ಉಳಿಯಬೇಕು. ಯಾಕೆ ಅಂತೀರಾ? ಮೊದಲ ಸಾಲಿನಲ್ಲಿ, ಕಂಬದ ಪಕ್ಕ, ನನ್ನ ಹೆಂಡತಿ ಕೂತಿದ್ದಾಳೆ. ಪರದೆ ಓದುತ್ತಿದ್ದಾಳೆ. ನಾನು ಹೊಸದಾಗಿ ಅಂಗಡಿ ಇಟ್ಟಿದ್ದಾಗ ಒಂದು ದಿನ ಒಬ್ಬ ಹುಡುಗಿ ತನ್ನ ಅಪ್ಪನ ಕೋಟು ಹಿಡಿದು ಬಂದಳು. ನಾನೇ ಹೊಲಿದ ಕೋಟು. ನಾನು ಏನೋ ಒಂದು ಮಾತು ಹೇಳಿದೆ. ಅವಳು ಮೇಜು ಹಿಡಿದುಕೊಂಡು ನಕ್ಕಳು. ಆ ನಗು ಮನೆಯಲ್ಲಿ ದಿನಾ ಇರಬೇಕು ಅನ್ನಿಸಿತು, ಹೋಗಿ ಕೇಳಿದೆ, ಕೊಟ್ಟರು. ಆಮೇಲೆ ಆ ಮಾತನ್ನು ಮದುವೆ, ನಾಮಕರಣ, ಗೃಹಪ್ರವೇಶ, ಎಲ್ಲ ಕಡೆ ಹೇಳುತ್ತಾ ಬಂದೆ. ಮಗಳಿಗಂತೂ ತೊಟ್ಟಿಲಿನಿಂದಲೇ ಬಾಯಿಪಾಠ.

ಆಮೇಲೆ ಒಂದು ಜ್ವರ ಬಂತು, ನನ್ನ ಹೆಂಡತಿಯ ಕಿವಿ ಹೋಯಿತು. ಮೊದಲು ಸಂಭಾಳಿಸಿದಳು. ಸಭೆಯಲ್ಲಿ ಪಕ್ಕದವರ ಮುಖ ನೋಡಿ, ಅವರು ನಕ್ಕ ಮೇಲೆ ತಾನೂ ನಗುತ್ತಿದ್ದಳು. ಸ್ವಲ್ಪ ತಡವಾಗಿ. ಒಮ್ಮೆ ಒಂದು ಸಮಾರಂಭದಲ್ಲಿ ಮಾತಾಡುತ್ತಿದ್ದವರು ನಗಿಸಿ, ಆ ಕೂಡಲೇ ತೀರಿಕೊಂಡ ತಮ್ಮನ ವಿಷಯಕ್ಕೆ ಬಂದರು. ಇವಳ ನಗು ಆಗ ಹೊರಬಂತು. ಇಡೀ ಸಭೆ ತಿರುಗಿ ನೋಡಿತು. ಮನೆಗೆ ಬಂದು, "ಇನ್ನು ಮೇಲೆ ನೀವೊಬ್ಬರೇ ಹೋಗಿ ಬನ್ನಿ ರೀ" ಅಂದಳು. ಹಾಗೆಯೇ ನಡೆದುಕೊಂಡಳು. ನಾನೂ ಜೋಕು ಹೇಳುವುದು ಬಿಟ್ಟೆ. ಯಾರಿಗೆ ಹೇಳಲಿ?

ಇದನ್ನೆಲ್ಲ ಹೇಳಬೇಕೆಂದು ಬಂದವನಲ್ಲ. ಬಾಯಿಗೆ ಬಂತು, ಹೇಳಿದೆ. ಮಗಳು ಪರದೆಯ ಕೆಲಸ ಕಲಿತದ್ದು ಯಾಕೆಂದು ಈಗ ನಿಮಗೂ ಗೊತ್ತಾಗಿರಬೇಕು. ಅಮ್ಮ ಮಾತ್ರ ಇಷ್ಟು ದಿನ ಬರಲಿಲ್ಲ. ಇಂದು ಮಗಳ ಸನ್ಮಾನ ಎಂದು ಒಪ್ಪಿದಳು, ಬಾಗಿಲ ಹತ್ತಿರ ಕೂರುತ್ತೇನೆ ಅಂದಳು, ನಾವು ಮುಂದೆ ಕೂರಿಸಿದೆವು.

ಒಂದು ಬೆರಳಾಯಿತು. ಈಗ ಚಪ್ಪಾಳೆ ಬೇಡ, ಹೇಳಿಬಿಡುತ್ತೇನೆ. ಆ ಹುಡುಗಿ ಕೋಟನ್ನು ಮೇಜಿನ ಮೇಲೆ ಇಟ್ಟು, "ಇದರ ತೋಳು ಉದ್ದ ಆಗಿದೆಯಂತೆ, ಅಪ್ಪ ಹೇಳಿದ್ರು" ಅಂದಳು. ನಾನು ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು, ಮುಖ ಗಂಭೀರ ಮಾಡಿಕೊಂಡು...

ನೋಡಿದಿರಾ? ನೋಡಿದಿರಾ ಅವಳನ್ನು? ನಾನಿನ್ನೂ ಹೇಳಿಯೇ ಇಲ್ಲ!

ಪರದೆಯ ಮೇಲೆ ಆಗಲೇ ಬಂದುಬಿಟ್ಟಿದೆ. 'ತೋಳು ಸರಿಯಾಗೇ ಇದೆ, ಕೈ ಗಿಡ್ಡ. ಕೈನ ಇಲ್ಲೇ ಬಿಟ್ಟು ಹೋಗೋಕೆ ಹೇಳಿ, ಸಾಯಂಕಾಲದೊಳಗೆ ಉದ್ದ ಮಾಡಿ ಇಟ್ಟಿರ್ತೀನಿ.' ಮಗಳೇ, ಇದು ನಿಯಮಕ್ಕೆ ವಿರುದ್ಧ. ಆಡುವ ಮೊದಲು ಬರೆಯಬಾರದು ಅಂದವಳು ನೀನೇ! ಇರಲಿ, ನಿಯಮ ಹಾಳಾಗಿ ಹೋಗಲಿ. ಮಹನೀಯರೇ, ನೀವೆಲ್ಲ ಈಗ ನಗುತ್ತಿದ್ದೀರಿ. ತಡವಾಯಿತು. ಈ ಸಭೆಯಲ್ಲಿ ಎಲ್ಲರಿಗಿಂತ ಮೊದಲು ನಕ್ಕವಳು ನನ್ನ ಹೆಂಡತಿ. ಹಿಡಿದುಕೊಳ್ಳಲು ಮುಂದೆ ಕುರ್ಚಿ ಇಲ್ಲವಲ್ಲ, ಕಂಬ ಹಿಡಿದುಕೊಂಡು ನಗುತ್ತಿದ್ದಾಳೆ, ಅವತ್ತು ಅಂಗಡಿಯ ಮೇಜು ಹಿಡಿದುಕೊಂಡ ಹಾಗೇ.

ಫಲಕ ಕೊಟ್ಟ ಅಧ್ಯಕ್ಷರಿಗೆ, ಅತಿಥಿಗಳಿಗೆ, ಲ್ಯಾಪ್‌ಟಾಪ್ ಕೊಟ್ಟ ಪುಣ್ಯಾತ್ಮರಿಗೆ, ಕೈ ನೋಯುವಷ್ಟು ಚಪ್ಪಾಳೆ ಹೊಡೆದ ನಿಮಗೆಲ್ಲ ನನ್ನ ಧನ್ಯವಾದಗಳು. ಅಯ್ಯೋ, ಪರದೆ ಆರಿತು. ಚಿಂತೆಯಿಲ್ಲ ಮಗಳೇ, ಕೂತುಕೋ. ಕೈ ಮುಗಿಯುವುದನ್ನು ಯಾರೂ ಟೈಪ್ ಮಾಡಬೇಕಿಲ್ಲ.

ನಮಸ್ಕಾರ.