ತಬ್ಬಲಿಗೂ ಭದ್ರ

…ನಗಬೇಡ ಟೆಕ್ಲಾ! ನಿಜಕ್ಕೂ ಒಂದೇ ಪದ. ಮ್ಯೂಂಡೆಲ್‌ಸಿಶರ್! ಇಪ್ಪತ್ತೊಂದು ತುಂಬಿತು, ಹೊಲಿಗೆ ಅಂಗಡಿ ಇಡಬೇಕು, ನನ್ನ ಆಸ್ತಿ ಕೊಡಿ ಅಂತ ಕೇಳ್ತಿದೀಯ. ಸರಿಯೇ. ಆದ್ರೆ ಲ್ಯೂಬೆಕ್‌ನಲ್ಲಿ ಮೂವತ್ತು ವರ್ಷ ಜರ್ಮನ್ ಪಾಠ ಹೇಳಿದವನು ನಾನು, ಪದ ಬಿಡಿಸದೆ ಲೆಕ್ಕ ಹೇಗೆ ಹೇಳ್ಲಿ? ಕಾಫಿ ಕುಡಿ... ಕಾಫಿ ಎಲ್ಲಿಂದ ಬಂತು, ಹುರಿದ ಬಾರ್ಲಿ. ಕುಡಿ.

ಹಿಂದೆ ‘ಮುಂಟ್’ ಅಂತ ಒಂದು ಮಾತಿತ್ತು. ಕಾಪಾಡೋ ಅಧಿಕಾರ ಅಂತ. ಹಾಗೆ ಕಾಪಾಡಿಸಿಕೊಳ್ಳೋ ತಬ್ಬಲಿ ಮಗು ಮ್ಯೂಂಡೆಲ್. ಅಂದ್ರೆ ನೀನು. ಸಿಶರ್ ಅಂದ್ರೆ ಭದ್ರ. ನನ್ನ ಹಾಗೆ ಪೋಷಕ ಆದವನು ತಬ್ಬಲಿ ದುಡ್ಡನ್ನ ಕಂಡಕಂಡಲ್ಲಿ ಹಾಕೋ ಹಾಗಿಲ್ಲ. ಇದು ತಬ್ಬಲಿಗೂ ಭದ್ರ ಅಂತ ಸರ್ಕಾರ ಒಪ್ಪಿದ ಸಾಲಪತ್ರಕ್ಕೇ ಹಾಕ್ಬೇಕು. ಎಷ್ಟು ಚೆನ್ನಾಗಿದೆ ಅಲ್ವಾ?... ಯಾಕೆ ಹಾಗೆ ನೋಡ್ತೀಯ?

ಹೌದು ಕಣೇ, ಯುದ್ಧಕ್ಕೆ ಅಂತ ಸರ್ಕಾರ ಜನರಿಂದ ಎತ್ತಿದ ಸಾಲದ ಪತ್ರಾನೂ ಆ ಪಟ್ಟೀಲಿತ್ತು! ಕಾನೂನು ಪ್ರಕಾರಾನೇ ಹಾಕಿದ್ದು. ಈಗ ದುಡ್ಡಿಗೇ ಬೆಲೆ ಹೋಗಿದೆ, ಅಷ್ಟನ್ನೂ ಕೊಟ್ರೆ ಒಂದು ಬ್ರೆಡ್ಡೂ ಬರಲ್ಲ, ಅದಕ್ಕೆ ನಾನೇನು ಮಾಡ್ಲಿ? ಊರಿಗೆಲ್ಲ ಹೀಗೇ ಆಯ್ತು!

ಏನಂದೆ? ಮನೆಯಾ? ನಿಮ್ಮಮ್ಮನ ಮನೆ... ಹಳೇದಲ್ವಾ. ಸೂರು ಸೋರ್ತಿತ್ತು. ಅದಕ್ಕೇ ಮಾರಿ ಪತ್ರ ತಗೊಂಡಿದ್ದು. ಮಾರಿದಾಗಲೇ ನಿನಗೆ ಹೇಳಿದ್ನಲ್ಲ.

...ಏನಾದ್ರೂ ಅನ್ನು. ಸೋರ್ತಿತ್ತು ಅಂದೆನಲ್ಲ! ಟೆಕ್ಲಾ...

ಸರಿ. ಸೋರ್ತಿರಲಿಲ್ಲ.

ಬಾಡಿಗೆ ತಿಂಗಳು ತಿಂಗಳೂ ಬರ್ತಿತ್ತು. ‘ಯಾಕ್ರೀ ಮೇಷ್ಟ್ರೇ ಮಾರ್ತೀರಿ?’ ಅಂತ, ತಬ್ಬಲಿ ಆಸ್ತಿ ಮಾರೋಕೆ ಒಪ್ಪಿಗೆ ಕೊಡೋ ನ್ಯಾಯಾಧೀಶರೇ ಕೇಳಿದ್ರು. ನಾನೇ ಅಂಗಲಾಚಿ ಒಪ್ಪಿಗೆ ತಗೊಂಡೆ. ಹದಿನೇಳನೇ ಇಸವಿ, ಯುದ್ಧ ನಡೀತಿತ್ತು... ಶಾಲೆ ಶಾಲೆಗೂ ಪೈಪೋಟಿ, ಯಾರು ಹೆಚ್ಚು ಸಾಲಪತ್ರ ಕೊಳ್ಳಿಸ್ತಾರೆ ಅಂತ. ನಮ್ಮದು ಎರಡನೇ ಜಾಗದಲ್ಲಿತ್ತು. ನಿನ್ನ ಮನೆ ದುಡ್ಡು ಸೇರಿದ ಮೇಲೆ ಮೊದಲನೇದಾಯ್ತು. ಹೆಡ್‌ಮಾಸ್ಟರು ಸಭೇಲಿ ನನ್ನ ಹೆಸರು ಹೇಳಿದ್ರು, ಹುಡುಗರೆಲ್ಲ ಎದ್ದು ನಿಂತ್ರು. ಎಷ್ಟು ಖುಷಿಯಾಗಿತ್ತು ಗೊತ್ತಾ ನನಗೆ!

ಆರು ವರ್ಷ ಬಾಯಿ ಬಿಡಲಿಲ್ಲ. ಬಿಟ್ರೆ ನೀನು ಬರೋದೇ ನಿಂತುಹೋಗುತ್ತೆ ಅಂತ. ಭಾನುವಾರ ನೀನೊಬ್ಬಳು ಬಿಟ್ರೆ ಈ ಬಾಗಿಲು ತಟ್ಟೋರು ಯಾರೂ ಇಲ್ಲ ಕಣಮ್ಮ. ವಾರವೆಲ್ಲ ನನ್ನ ದನಿ ನನಗೇ ಕೇಳಿಸಲ್ಲ.

ಎದ್ದೆಯಾ? ಹೊರಗೆ ಚಳಿ, ಕೋಟಿನ ಗುಂಡಿ ಹಾಕ್ಕೋ... ಬೈಯಾದ್ರೂ ಬೈ, ಟೆಕ್ಲಾ! ಬೈದು ಹೋಗು.

ಮುಂದಿನ ಭಾನುವಾರ ಕಾಫಿಗೆ ನೀರು ಕಾಯಿಸಿಡ್ಲಾ?

...ಬೇಡ ಅಂತಾದ್ರೂ ಹೇಳು.