ಖಾಕಿ ಪ್ಯಾಂಟಿನ ಸೊಂಟ

...ಹಾಗಲ್ಲ ಜವರಣ್ಣ, ಟೇಪು ಇನ್ನೂ ಬಿಗಿ ಹಿಡಿ! ಒಳಗೆ ಎರಡು ಬೆರಳು ಯಾಕೆ ತೂರಿಸ್ತೀಯಾ? ಊಟ ಆದ ಮೇಲೆ ಹೊಟ್ಟೆ ಉಬ್ಬುತ್ತೆ, ಜಾಗ ಬಿಡು ಅಂತ ನಾನೇ ಹೇಳ್ತಿದ್ದೆ, ಹೌದು. ಅದು ಹಳೇ ಅಶೋಕ. ಈಗ ಉಬ್ಬೋದಿಲ್ಲ ಮಾರಾಯ! ಎಷ್ಟು ಬಂತು? ಮೂವತ್ತೊಂದಾ? ಆಹಾ! ಬರ್ಕೋ, ನಿನ್ನ ಅಳತೆ ಪುಸ್ತಕದಲ್ಲಿ ದೊಡ್ಡದಾಗಿ ಬರ್ಕೋ. ಸ್ವಲ್ಪ ಬೇಗ, ಆಯ್ತಾ? ಬಸ್ಸು ಮಡಿಕೇರಿಗೆ ಹೊರಡೋಕೆ ಇಪ್ಪತ್ತೇ ನಿಮಿಷ ಉಂಟು. ನಮ್ಮ ಕಂಡಕ್ಟರ್ ನಿತೇಶ ಸೀಟಿ ಊದೋಕೆ ಶುರು ಮಾಡಿದ್ರೆ ಪಾಲಿಬೆಟ್ಟ ಪೇಟೆಯೇ ಕಿವಿ ಮುಚ್ಕೋಬೇಕು.

ತಗೋ, ಇದೇ ಪ್ಯಾಂಟು. ಹೋದ ಎರಡು ಸಲ ಹೆಚ್ಚಿನ ಬಟ್ಟೆ ಒಳಗೇ ಮಡಚಿಟ್ಟೆಯಲ್ಲ, ಹಿಂದೆ ಒಂದು ಗಂಟು ಆಗಿದೆ. ಡ್ರೈವರ್ ಸೀಟಲ್ಲಿ ಕೂತ್ರೆ ಚುಚ್ಚುತ್ತೆ. ಈ ಸಲ ಕತ್ತರಿಸಿ ಬಿಸಾಕು. ಎಂಥ ಹಾಗೆ ನೋಡ್ತೀಯಾ? ಕತ್ತರಿಸು ಅಂದೆ! ಆ ಹೊಟ್ಟೆ ವಾಪಸ್ ಬರೋದಿಲ್ಲ. ಟಿಕೆಟ್ ತಗೊಂಡು ಇಳಿದು ಹೋಗಿದೆ.

ನಿನಗೆ ನೆನಪುಂಟಾ, ಕಾಫಿ ಪಿಕ್ಕಿಂಗ್ ಶುರು ಆಗೋ ಮುಂಚೆ ನಾನು ಹೇಗಿದ್ದೆ? ಸ್ಟೇರಿಂಗ್ ತಿರುಗಿಸಿದ್ರೆ ಹೊಟ್ಟೆಯೂ ಜೊತೆಗೆ ತಿರುಗಬೇಕಿತ್ತು. ಹುಳಿತೇಗು ಬಂದ್ರೆ ಎದುರಿನ ಜೀಪಿನವನು ಸೈಡ್ ಕೊಡ್ತಿದ್ದ, ಹಾರ್ನ್ ಅಂತ! ಎದೆಯುರಿ, ಬಲಗಡೆ ಪಕ್ಕೆ ಕೆಳಗೆ ನೋವು... ಮಡಿಕೇರಿಯಲ್ಲಿ ಡಾಕ್ಟರಮ್ಮನ ಹತ್ತಿರ ಯಮುನ ಎಳ್ಕೊಂಡು ಹೋದಳು. ಲಿವರಿಗೆ ಕೊಬ್ಬು ಕೂತಿದೆ, ಕೊಬ್ಬಿನ ಪದಾರ್ಥ ನಿಮಗೆ ಜೀರ್ಣ ಆಗೋದಿಲ್ಲ ಅಂದ್ರು. ಎಣ್ಣೆ, ತುಪ್ಪ, ತೆಂಗಿನಕಾಯಿ ಕಡಿಮೆ ಮಾಡಿ, ಹಂದಿ ಬಿಡಿ. ತಿಂಗಳಿಗೆ ಎರಡು ಕೆ.ಜಿ. ಇಳಿದ್ರೆ ಸಾಕು. ಇನ್ನೂ ಏನೋ ಹೇಳಿದ್ರು, ಬಿಡು. ಎರಡು ಅಂದ್ರು, ನಾನು ನಾಲ್ಕು ಇಳಿಸಿದೆ ಜವರಣ್ಣ! ತಿಂಗಳು ತಿಂಗಳೂ ನಾಲ್ಕು! ಮೊನ್ನೆ ಕಾಳುಮೆಣಸು ತೂಗೋ ಅಂಗಡಿಯಲ್ಲಿ ಹತ್ತಿ ನಿಂತೆ. ಎಪ್ಪತ್ತೆರಡು. ಸಾಹುಕಾರ್ರು ಯಂತ್ರ ಕೆಟ್ಟಿದೆ ಅಂತ ಇನ್ನೊಂದು ಮೂಟೆ ಇಟ್ಟು ನೋಡಿದ್ರು.

ಎಲ್ಲ ಯಮುನನ ಕೈಗುಣ. ಒಗ್ಗರಣೆಗೆ ಎಣ್ಣೆ ಹಾಕೋದು ಮಗುವಿಗೆ ಔಷಧಿ ಕುಡಿಸ್ತೇವಲ್ಲ, ಆ ಚಮಚದಲ್ಲಿ. ಮಜ್ಜಿಗೆಯಲ್ಲಿ ಕೆನೆ ಇಲ್ಲ, ಕೋಳಿಗೆ ಚರ್ಮ ಇಲ್ಲ, ಮೊಟ್ಟೆಗೆ ಹಳದಿ ಇಲ್ಲ. ಬೇಯಿಸಿದ ಸೋರೆಕಾಯಿ, ಪಡವಲಕಾಯಿ, ಗಂಜಿ. ಬೆಳಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ತಾಳೆ, ದಿನಾ. ನಮ್ಮ ಲೈನ್ ಮನೆಗಳ ಹೆಂಗಸರೆಲ್ಲ ಬಂದು ಕೇಳಿ ಬರ್ಕೊಂಡು ಹೋಗ್ತಾರೆ. ಈ ಭಾನುವಾರ ಸ್ತ್ರೀಶಕ್ತಿ ಸಂಘದಲ್ಲಿ ಅವಳದ್ದೇ ಭಾಷಣ! ಮೈಕು ಎಲ್ಲ ಉಂಟಂತೆ. ಒಂದು ಕಡೆ ನನ್ನ ಹಳೇ ಫೋಟೋ, ಇನ್ನೊಂದು ಕಡೆ ನಾನು, ಇದೇ ಪ್ಯಾಂಟು ಹಾಕ್ಕೊಂಡು ನಿಲ್ಲಬೇಕಂತೆ. ಅದಕ್ಕೇ ಈ ಅವಸರ. ಜೀವಮಾನದಲ್ಲಿ ಅವಳಿಗೆ ಒಬ್ಬರೂ ಚಪ್ಪಾಳೆ ತಟ್ಟಿದ್ದಿಲ್ಲ ಜವರಣ್ಣ. ನಾನೂ ತಟ್ಟಿದ್ದಿಲ್ಲ.

ಯಾಕೆ ನಗ್ತೀಯಾ?

ಅಲ್ಲ, ಯಾಕೆ ನಗ್ತೀಯಾ ಹೇಳು. ಆ ಕಡೆ ಎಂಥ ನೋಡ್ತೀಯಾ? ಅದು ಕರಿಯನ ಹೋಟೆಲು. ಅದರ ಕಿಟಕಿ. ಕಿಟಕಿ ಹತ್ತಿರ ಮೇಜು... ಓಹೋ. ನಿನ್ನ ಮೆಷಿನ್ನಿನಿಂದ ಅದು ಇಷ್ಟು ಚೆನ್ನಾಗಿ ಕಾಣುತ್ತಾ?

ಸರಿ ಮಾರಾಯ, ಸಿಕ್ಕಿಬಿದ್ದೆ. ಮೊದಮೊದಲು ಬರೀ ಸಾರು. ಕರಿಯ ಬೇಜಾರು ಮಾಡ್ಕೋತಾನಲ್ಲ, ಹದಿನೈದು ವರ್ಷದ ಗಿರಾಕಿ! ಆಮೇಲೆ ಒಂದೆರಡು ತುಂಡು. ಕೊಬ್ಬು ಬದಿಗಿಟ್ಟೇ... ಆಯ್ತು, ಬದಿಗಿಟ್ಟಿಲ್ಲ. ಆದ್ರೆ ಹಂದಿ ಸಾರಿಗೆ ಕಾಚಂಪುಳಿ ಹಾಕ್ತಾರಲ್ಲ, ಆ ಹುಳಿಯೇ ಕೊಬ್ಬು ಕರಗಿಸುತ್ತೆ! ಡಾಕ್ಟರಮ್ಮ ಬಯಲುಸೀಮೆಯವರು, ಅವರಿಗೆ ಎಂಥ ಗೊತ್ತು?

ಡಬ್ಬಿಯಾ? ಡಬ್ಬಿ ನಿತೇಶ ತಿಂತಾನೆ. ಖಾಲಿ ಮಾಡಿ ವಾಪಸ್ ತಗೊಂಡು ಹೋಗ್ಬೇಕಲ್ಲ. ಪಾಪ, ಎರಡು ಮಕ್ಕಳ ತಂದೆ, ಮೊದಲು ಅವನಿಗೂ ಬಲು ಗ್ಯಾಸು. ಈಗ ಸಂಪೂರ್ಣ ವಾಸಿ! ಯಮುನನ ಅಡುಗೆ ಸುಳ್ಳಲ್ಲ ಜವರಣ್ಣ, ಅದು ಕೆಲಸ ಮಾಡುತ್ತೆ. ಹೊಟ್ಟೆ ಬೇರೆಯವನದ್ದು, ಅಷ್ಟೇ.

ನಗು, ನಗು. ಆದ್ರೆ ಒಂದು ವಿಷಯ ಒಪ್ಕೋ. ಅವನು ಡಯಟ್ ತಿಂದು ಮೂರು ಕೆ.ಜಿ. ಇಳಿದ. ನಾನು ದಿನಾ ಒಂದು ಪ್ಲೇಟ್ ಹಂದಿ, ಆರು ಉಂಡೆ ಕಡಂಬಿಟ್ಟು ತಿಂದು ಹದಿನಾರು ಇಳಿದೆ! ಹೇಗೆ? ಇದಕ್ಕೆ ಶರೀರ ಧರ್ಮ ಅಂತಾರೆ. ನನ್ನ ಶರೀರವೇ ಹಾಗೆ! ತಿಂದಷ್ಟೂ...

ಯಾಕೆ ನಗು ನಿಲ್ಲಿಸಿದೆ?

ಹೇ, ಜವರಣ್ಣ. ಈಗ ತಾನೇ ನಗ್ತಿದ್ದೆಯಲ್ಲ. ಆ ಪುಸ್ತಕ ಯಾಕೆ ನನ್ನ ಕಡೆ ತಿರುಗಿಸ್ತೀಯಾ? ನನಗೆ ಓದೋಕೆ ಬರುತ್ತೆ. ಮೂವತ್ತೆಂಟು, ಮೂವತ್ತಾರು, ಮೂವತ್ತನಾಲ್ಕು, ಮೂವತ್ತೊಂದು. ಸರಿಯಾಗೇ ಇದೆ. ತಾರೀಖಾ? ತಾರೀಖು ಎಂಥಕ್ಕೆ... ಮೂವತ್ತನಾಲ್ಕು ಬರೆದು ಮೂರೇ ವಾರ ಆಯ್ತಾ? ಇಲ್ಲ, ಜಾಸ್ತಿ ಆಗಿರ್ಬೇಕು. ಕಾಫಿಗೆ ಹೂಮಳೆ ಬಂದ ದಿನ ಅಲ್ವಾ ನಾನು ಬಂದಿದ್ದು? ...ಮೂರೇ ವಾರ.

ಬಿಸಿಲು ಹೆಚ್ಚಾಯ್ತು. ಡ್ಯೂಟಿ ಹೆಚ್ಚಾಯ್ತು. ಅದೂ ಅಲ್ಲದೆ ಈಚೆಗೆ ನಾನೇ ತಿನ್ನೋದು ಕಡಿಮೆ ಮಾಡಿದ್ದೇನೆ, ನೀನು ನೋಡಿರ್ಬೇಕಲ್ಲ? ಎರಡು ತುಂಡು ತಿಂದ್ರೆ ಸಾಕು ಅನ್ಸುತ್ತೆ. ಮುಂದಕ್ಕೆ ಇಳಿಯೋದಿಲ್ಲ. ಮೊನ್ನೆ ಕರಿಯ ಬಂದು ಕೇಳಿದ, ಅಶೋಕಣ್ಣ, ಉಪ್ಪು ಹೆಚ್ಚಾಯ್ತಾ ಅಂತ. ಉಪ್ಪು ಸರಿಯಾಗಿತ್ತು. ಎಲ್ಲ ಸರಿಯಾಗಿತ್ತು. ಹಿಂದಿನ ಬಾಗಿಲಲ್ಲಿ ನಾಯಿ ಇತ್ತು, ಅದಕ್ಕೆ ಹಾಕಿದೆ.

ಬೈಯೋದಾದ್ರೆ ಬೈ ಮಾರಾಯ. ಹೀಗೆ ಕನ್ನಡಕ ತೆಗೆದು ನೋಡ್ಬೇಡ, ನನಗೆ ಆಗೋದಿಲ್ಲ.

ಡಾಕ್ಟರಮ್ಮ ಇನ್ನೂ ಏನೋ ಹೇಳಿದ್ರು ಅಂದೆನಲ್ಲ. ತಿಂಗಳು ಬಿಟ್ಟು ಬನ್ನಿ ಅಂದಿದ್ರು. ಎರಡಕ್ಕಿಂತ ಹೆಚ್ಚು ಇಳಿದ್ರೆ ತಿಂಗಳೂ ಕಾಯ್ಬೇಡಿ, ಅದೇ ದಿನ ಬನ್ನಿ ಅಂದಿದ್ರು. ನಾನು ಹೋಗಿಲ್ಲ ಜವರಣ್ಣ. ಒಂದು ಸಲವೂ ಹೋಗಿಲ್ಲ. ದಿನಾ ಎರಡು ಸಲ ಆ ಆಸ್ಪತ್ರೆ ಎದುರೇ ಬಸ್ಸು ತಿರುಗಿಸ್ತೇನೆ. ಯಮುನನಿಗೆ ಮಾತ್ರ ಹೋಗಿ ಬಂದೆ ಅಂದಿದ್ದೇನೆ. ಡಾಕ್ಟರಮ್ಮ ಅಡುಗೆ ಮಾಡಿದವರಿಗೆ ಶಹಭಾಷ್ ಹೇಳಿ ಅಂದ್ರು ಅಂತ. ಅವಳು ಅದನ್ನು ಭಾಷಣದಲ್ಲಿ ಬರ್ಕೊಂಡಿದ್ದಾಳೆ.

ಹೋದ್ರೆ ಮೊದಲು ಕೇಳೋದು ಏನು ತಿಂದಿರಿ ಅಂತ. ಸೋರೆಕಾಯಿ ಅಂದ್ರೆ ಸುಳ್ಳು. ಹಂದಿ ಅಂದ್ರೆ... ಹಂದಿ ತಿಂದವನು ಹದಿನಾರು ಕೆ.ಜಿ. ಹೇಗೆ ಇಳಿದ ಅಂತ ಅವರೂ ನಿನ್ನ ಹಾಗೇ ನಗು ನಿಲ್ಲಿಸ್ತಾರೆ. ಒಳಗೆ ಏನೋ ಕೆಟ್ಟಿದೆ ಅಂತ ನನಗೆ ಗೊತ್ತು. ಮೊದಲೇ ಗೊತ್ತಿತ್ತು. ಅದಕ್ಕೇ ಕಂಡಕಂಡವರ ಹತ್ತಿರ ಡಯಟ್, ಡಯಟ್ ಅಂತ ಕೂಗ್ತಾ ಇದ್ದೆ. ಹೆದರಿಕೆ, ಜವರಣ್ಣ. ನಲ್ವತ್ತೆಂಟು ವಯಸ್ಸು ನನಗೆ.

ನೋಡು, ನಿತೇಶ ಸೀಟಿ ಊದಿದ. ಬಂದೆ ಮಾರಾಯ, ಬಂದೆ!

ಆ ಕತ್ತರಿ ಕೆಳಗಿಡು. ...ಆಗಲೇ ಇಟ್ಟಿದ್ದೀಯಾ? ಯಾವಾಗ ಇಟ್ಟೆ? ಕತ್ತರಿಸ್ಬೇಡ. ಒಂದು ಇಂಚೂ ಕತ್ತರಿಸ್ಬೇಡ. ಚುಚ್ಚಿದ್ರೆ ಚುಚ್ಚಲಿ. ಒಳಗೇ ಮಡಚಿ ಉದ್ದುದ್ದ ಹೊಲಿಗೆ ಹಾಕು, ಆಮೇಲೆ ಬಿಚ್ಚೋಕೆ ಬರೋ ಹಾಗೆ. ಬಿಚ್ಚೋ ದಿನ ಬರುತ್ತೆ ಅಲ್ವಾ?

ಫೋನ್ ಎಂಥಕ್ಕೆ ಕೊಡ್ತೀಯಾ? ಈಗಲೇನಾ? ಬಸ್ಸು ಹೊರಡ್ತಾ ಉಂಟು... ಭಾನುವಾರ ಕಳೀಲಿ ಜವರಣ್ಣ, ಒಂದು ಚಪ್ಪಾಳೆ ಬೀಳಲಿ ಅವಳಿಗೆ... ಹಾಗೆ ನೋಡ್ಬೇಡ. ಕೊಡು. ನಂಬರ್ ನನಗೆ ಬಾಯಿಪಾಠ ಉಂಟು.

ಹಲೋ... ಹಾಂ, ನಾನೇ. ಜವರಣ್ಣನ ಫೋನು. ಇಲ್ಲ, ಬಸ್ಸಿಗೆ ಏನೂ ಆಗಿಲ್ಲ. ಯಮುನ, ಕೇಳು. ನೀನು ಕಟ್ಟಿಕೊಟ್ಟ ಡಬ್ಬಿ... ನಾನು ಒಂದು ದಿನವೂ ತಿಂದಿಲ್ಲ.